ಶನಿವಾರದ ಗ್ರಿಡ್, ಭಾನುವಾರದ ಜಗಳ: ಎಫ್ 1 ಕ್ವಾಲಿಫೈಯಿಂಗ್ ಮತ್ತು ಟೀಮ್ ತಂತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಫ್ 1, ಅಂದ್ರೆ ಫಾರ್ಮುಲಾ ಒನ್ ಕಾರ್ ರೇಸ್ ಇರೋ ಪ್ರತಿ ವೀಕೆಂಡಲ್ಲೂ ಇದೇ ಕಥೆ. ಶನಿವಾರ ಕ್ವಾಲಿಫೈಯಿಂಗ್ (ಭಾನುವಾರದ ರೇಸಲ್ಲಿ ಯಾರು ಯಾವ ಜಾಗದಿಂದ ಹೊರಡ್ತಾರೆ ಅಂತ ತೀರ್ಮಾನ ಮಾಡೋ ಓಟ, ಆ ಸಾಲೇ ಗ್ರಿಡ್) ಮುಗೀತಿದ್ದಂಗೆ ನಮ್ಮ ಗ್ಯಾಂಗಲ್ಲಿ ಶುರು ಆಗತ್ತೆ, ಇವ್ನು ಮುಂದೆ ಇದಾನೆ ಇವ್ನೇ ಗೆಲ್ಲೋದು ಅಂತ ಒಬ್ಬ, ಇಲ್ಲ ಮೂರನೇ ಜಾಗದಲ್ಲಿರೋನನ್ನ ನೋಡ್ತಾ ಇರು ಅಂತ ಇನ್ನೊಬ್ಬ, ಮಧ್ಯದಲ್ಲಿ ಹೊಸಬರು ಬಂದು "ಬಾಕ್ಸ್ ಅಂದ್ರೇನು" ಅಂತ ಕೇಳ್ತಾರೆ. ಹೇಳಿ ಹೇಳಿ ಸಾಕಾಗಿ ಒಂದು ಸಲ ಬರೆದೇ ಬಿಡೋಣ ಅಂತ ಕೂತೆ. ಬಾಕ್ಸ್ ಅಂದ್ರೆ ಪಿಟ್‌ಗೆ ಬಾ ಅಂತ ಅಷ್ಟೇ, ಪಿಟ್ ಅಂದ್ರೆ ರೇಸ್ ಮಧ್ಯೆ ಟೈರ್ ಬದಲಾಯಿಸೋ ಜಾಗ.

ಪೋಲ್ ಸಿಕ್ಕಿದ್ರೆ ಅರ್ಧ ರೇಸ್ ಗೆದ್ದಂಗೆ ತಾನೆ?

ಪೋಲ್ ಅಂದ್ರೆ ಗ್ರಿಡ್ಡಿನ ಮೊದಲ ಜಾಗ. ಟ್ರ್ಯಾಕ್ ಯಾವ್ದು ಅಂತ ಮೊದಲು ಹೇಳಿ. ಮೊನಾಕೊ ಆದ್ರೆ ಅರ್ಧ ಏನು, ಮುಕ್ಕಾಲು ಗೆದ್ದಂಗೆ. 3.337 ಕಿಲೋಮೀಟರ್ ಟ್ರ್ಯಾಕು, 78 ಲ್ಯಾಪು, ಎರಡು ಗಾಡಿ ಪಕ್ಕಪಕ್ಕ ಹೋಗೋಕೆ ಜಾಗ ಇಲ್ಲ. 2024ರಲ್ಲಿ ಅಲ್ಲಿ ಮೊದಲ ಹತ್ತು ಜನ ಯಾವ ಆರ್ಡರಲ್ಲಿ ಸ್ಟಾರ್ಟ್ ಮಾಡಿದ್ರೋ ಅದೇ ಆರ್ಡರಲ್ಲಿ ಮುಗಿಸಿದ್ರು, ಲೆಕ್ಲೆರ್ ಪೋಲಿಂದ ಹೊರಟು ತನ್ನ ಊರಲ್ಲಿ ಗೆದ್ದ ಅನ್ನೋ ಖುಷಿ ಬಿಟ್ರೆ ರೇಸ್ ಅಂತ ನೋಡೋಕೆ ಏನೂ ಇರ್ಲಿಲ್ಲ.

ಆದ್ರೆ ಅದೇ ಮೊನಾಕೊದಲ್ಲಿ 1988ರಲ್ಲಿ ಸೆನ್ನಾ ತನ್ನದೇ ಟೀಮಿನ ಪ್ರಾಸ್ಟ್‌ಗಿಂತ 1.427 ಸೆಕೆಂಡ್ ಮುಂದೆ ಪೋಲ್ ಹೊಡೆದು, ರೇಸಲ್ಲೂ ಆರಾಮಾಗಿ ಲೀಡ್ ಮಾಡ್ತಾ ಇದ್ದೋನು 67ನೇ ಲ್ಯಾಪಲ್ಲಿ ಗೋಡೆಗೆ ಹೊಡೆದ, ಪ್ರಾಸ್ಟ್ ಗೆದ್ದ. ಇನ್ನೊಂದು ಕಡೆ 1983ರ ಲಾಂಗ್ ಬೀಚಲ್ಲಿ ಜಾನ್ ವಾಟ್ಸನ್ 22ನೇ ಜಾಗದಿಂದ ಹೊರಟು ಗೆದ್ದ, ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ಹಂಗಾಗಿ ಪೋಲ್ ನೋಡಿ ಪಾರ್ಟಿ ಕೊಡಬೇಡಿ.

ಕ್ಯೂ1, ಕ್ಯೂ2, ಕ್ಯೂ3 ಏನಿದು?

ಒಂದೇ ಗಂಟೆ ಒಳಗೆ ಮೂರು ಸುತ್ತು. ಮೊದಲ ಸುತ್ತಲ್ಲಿ ಎಲ್ಲರೂ, ಕೊನೇಲಿರೋರು ಔಟ್. ಎರಡನೇದರಲ್ಲೂ ಹಂಗೇ, ಉಳಿದ ಹತ್ತು ಜನ ಪೋಲ್‌ಗೆ ಹೊಡೆದಾಡ್ತಾರೆ. 2025ರ ತನಕ 20 ಗಾಡಿ, ಒಂದೊಂದು ಸುತ್ತಲ್ಲಿ ಐದೈದು ಜನ ಔಟ್ ಆಗ್ತಿದ್ರು. 2026ರಿಂದ ಕ್ಯಾಡಿಲಾಕ್ ಅನ್ನೋ ಹೊಸ ಟೀಮ್ ಬಂದು 22 ಗಾಡಿ, ಹಂಗಾಗಿ ಆರಾರು ಜನ.

ಶುಕ್ರವಾರ ಪ್ರಾಕ್ಟೀಸಲ್ಲಿ ಫಸ್ಟ್ ಇದ್ದೋನು ಶನಿವಾರ ಎಂಟನೇ ಜಾಗ, ಏನಾಯ್ತು?

ಬಹುಶಃ ಏನೂ ಆಗಿಲ್ಲ. ಶುಕ್ರವಾರ ಯಾರು ಎಷ್ಟು ಪೆಟ್ರೋಲ್ ಹಾಕ್ಕೊಂಡು ಓಡಿಸ್ತಾರೆ, ಇಂಜಿನ್ ಎಷ್ಟು ಬಿಟ್ಟಿದಾರೆ ಅಂತ ಹೊರಗಿನೋರಿಗೆ ಗೊತ್ತಾಗಲ್ಲ. ಶುಕ್ರವಾರದ ಮೊದಲ ಜಾಗ ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವತ್ತು ನೋಡಬೇಕಾಗಿರೋದು ಉದ್ದ ಓಟಗಳನ್ನ, ಅಂದ್ರೆ ಒಂದೇ ಟೈರಲ್ಲಿ ಹತ್ತು ಹನ್ನೆರಡು ಲ್ಯಾಪ್ ಹೋದಾಗ ಟೈಮು ಎಷ್ಟು ಬೀಳ್ತಾ ಹೋಗತ್ತೆ ಅಂತ. ಭಾನುವಾರದ ಸುಳಿವು ಅಲ್ಲಿದೆ.

ಶನಿವಾರದ ಟೈಮಲ್ಲೂ ಮೋಸ ಇರತ್ತೆ. ಟ್ರ್ಯಾಕ್ ಮೇಲೆ ರಬ್ಬರ್ ಬೀಳ್ತಾ ಬೀಳ್ತಾ ಗ್ರಿಪ್ ಜಾಸ್ತಿ ಆಗತ್ತೆ, ಹಂಗಾಗಿ ಕೊನೇಲಿ ಲ್ಯಾಪ್ ಹಾಕೋನಿಗೆ ಲಾಭ. ಮುಂದೆ ಇನ್ನೊಂದು ಗಾಡಿ ಇದ್ರೆ ಗಾಳಿ ತಡೆ ಕಮ್ಮಿ, ನೇರ ರಸ್ತೆಯಲ್ಲಿ ಇನ್ನೂ ಲಾಭ. 2019ರಲ್ಲಿ ಇಟಲಿಯ ಮಾಂಜಾ ಟ್ರ್ಯಾಕಲ್ಲಿ ಆಗಿದ್ದು ನೆನಪಿದೆಯಾ, ಕ್ಯೂ3 ಕೊನೇ ಓಟಕ್ಕೆ ಎಲ್ಲರೂ "ನೀನು ಮುಂದೆ ಹೋಗು, ಇಲ್ಲ ನೀನು ಹೋಗು" ಅಂತ ನಮ್ಮ ಮದುವೆ ಊಟದ ಪಂಕ್ತೀಲಿ ಕೂರೋಕೆ ಉಪಚಾರ ಮಾಡೋ ಥರ ನಿಧಾನಕ್ಕೆ ಬಂದು, ಟೈಮೇ ಮುಗಿದು ಹೋಯ್ತು, ಲೆಕ್ಲೆರ್ ಮತ್ತೆ ಸೈನ್ಸ್ ಬಿಟ್ರೆ ಯಾರೂ ಗೆರೆ ದಾಟಲಿಲ್ಲ. ಪೋಲ್ ಲೆಕ್ಲೆರ್‌ದು, ಮಾರನೇ ದಿನ ಗೆದ್ದೋನೂ ಅವನೇ.

ಟೈರ್ ಬಣ್ಣ ಹೆಂಗೆ ನೆನಪಿಟ್ಕೊಳ್ಳೋದು?

ಕೆಂಪು ಸಾಫ್ಟ್, ಹಳದಿ ಮೀಡಿಯಮ್. ನಮ್ಮ ಬಾವುಟದ ಬಣ್ಣ, ಕನ್ನಡದೋರು ಮರೆಯೋ ಹಂಗೇ ಇಲ್ಲ. ಬಿಳಿ ಹಾರ್ಡ್. ಸಾಫ್ಟ್ ಜೋರು ಆದ್ರೆ ಬೇಗ ಸವೆಯತ್ತೆ, ಹಾರ್ಡ್ ನಿಧಾನ ಆದ್ರೆ ಬಾಳಿಕೆ. ಹಸಿರು ಅರ್ಧ ಒದ್ದೆಗೆ, ನೀಲಿ ಪೂರ್ತಿ ಮಳೆಗೆ. ಒಣ ರೇಸಲ್ಲಿ ಕಮ್ಮಿ ಅಂದ್ರೂ ಎರಡು ಬಣ್ಣ ಹಾಕಲೇಬೇಕು, ಅಂದ್ರೆ ಒಂದು ಸಲನಾದ್ರೂ ಪಿಟ್‌ಗೆ ಬರಲೇಬೇಕು. 2010ರಿಂದ ರೇಸ್ ಮಧ್ಯೆ ಪೆಟ್ರೋಲ್ ತುಂಬೋ ಹಂಗಿಲ್ಲ, ಹಂಗಾಗಿ ಈಗಿನ ತಂತ್ರ ಎಲ್ಲ ಟೈರ್ ಸುತ್ತಾನೇ.

ಗ್ರಿಡ್ ಬಂದ ತಕ್ಷಣ ನೀವು ಮೊದಲು ನೋಡೋದೇನು?

ಮುಂದೆ ಯಾರಿದಾರೆ ಅಂತ ಅಲ್ಲ. ಕಳಕೊಳ್ಳೋಕೆ ಯಾರ ಹತ್ರ ಏನಿದೆ ಅಂತ.

ಇದು ನನ್ನ ಒಂದೇ ಸಿದ್ಧಾಂತ, ಇದನ್ನ ಹೇಳಿ ಹೇಳಿ ಫ್ರೆಂಡ್ಸ್ ಹತ್ರ ಬೈಸ್ಕೊಂಡಿದೀನಿ. ಮುಂದೆ ಇರೋನು ಮೊದಲು ತೀರ್ಮಾನ ತಗೋಬೇಕು, ಹಿಂದೆ ಇರೋನು ಅದನ್ನ ನೋಡ್ಕೊಂಡು ಉಲ್ಟಾ ಮಾಡಿದ್ರೆ ಸಾಕು. ಮುಂದಿನೋನು ಪಿಟ್‌ಗೆ ಹೋದ್ರೆ ನಾನು ಹೋಗಲ್ಲ, ಅವನು ಹೋಗದಿದ್ರೆ ನಾನು ಹೋಗ್ತೀನಿ. ಪಾಯಿಂಟ್ಸ್ ಪಟ್ಟೀಲೂ ಅದೇ ಕಥೆ, ಮೇಲೆ ಇರೋನು ಒಬ್ಬನನ್ನ ಕಾಯ್ತಾ ಕೂತಿರ್ತಾನೆ, ಅಷ್ಟರಲ್ಲಿ ಇನ್ನೊಬ್ಬ ಹೋಗಿರ್ತಾನೆ. ಕೆಳಗಿನ ಎರಡು ಉದಾಹರಣೆ ಓದಿ.

2010ರ ಅಬುಧಾಬಿ ಬಗ್ಗೆ ಯಾಕೆ ಇನ್ನೂ ಅಳ್ತೀರಾ?

ಯಾಕಂದ್ರೆ ನಾನು ಅಲೋನ್ಸೋ ಕಡೆ. ಒಂದು ಮಸಾಲೆ ದೋಸೆ ಬೆಟ್ ಸೋತಿದೀನಿ, ಅದು ಬೇರೆ ವಿಷಯ.

ಅದು ಸೀಸನಿನ ಕೊನೇ ರೇಸು, ಅದಕ್ಕೆ ಮುಂಚೆ ಪಾಯಿಂಟ್ಸಲ್ಲಿ ಅಲೋನ್ಸೋ 246, ವೆಬ್ಬರ್ 238, ವೆಟ್ಟೆಲ್ 231, ಹ್ಯಾಮಿಲ್ಟನ್ 222. ಶನಿವಾರದ ಗ್ರಿಡ್ಡು ವೆಟ್ಟೆಲ್, ಹ್ಯಾಮಿಲ್ಟನ್, ಅಲೋನ್ಸೋ, ಬಟನ್, ವೆಬ್ಬರ್. ಆ ರಾತ್ರಿ ಕೂತು ಲೆಕ್ಕ ಹಾಕಿದ್ವಿ, ವೆಟ್ಟೆಲ್ ಗೆದ್ರೂ ಅಲೋನ್ಸೋ ನಾಲ್ಕನೇ ಜಾಗಕ್ಕೆ ಬಂದ್ರೆ ಸಾಕು, 258 ಆಗತ್ತೆ, ವೆಟ್ಟೆಲ್ 256ಕ್ಕೆ ನಿಲ್ತಾನೆ. ಎಲ್ಲರ ಕಣ್ಣು ವೆಬ್ಬರ್ ಮೇಲೆ, ಎರಡನೇ ಜಾಗದಲ್ಲಿ ಇದ್ದೋನು ಅವನು ತಾನೆ, ಗ್ರಿಡ್ಡಲ್ಲಿ ಐದನೇ ಜಾಗದಲ್ಲಿದಾನೆ ಅಂತ ಖುಷಿ ಬೇರೆ.

ಸ್ಟಾರ್ಟಲ್ಲಿ ಬಟನ್ ದಾಟಿದ, ಅಲೋನ್ಸೋ ನಾಲ್ಕನೇ ಜಾಗ. ಅಷ್ಟೇ ಸಾಕಾಗಿತ್ತು! ಮೊದಲ ಲ್ಯಾಪಲ್ಲೇ ಶೂಮಾಕರ್ ಮತ್ತೆ ಲಿಯುಝಿ ಗಾಡಿ ಡಿಕ್ಕಿ ಆಗಿ ಸೇಫ್ಟಿ ಕಾರ್ (ಅಪಘಾತ ಆದಾಗ ಮುಂದೆ ಬಂದು ಎಲ್ಲರನ್ನೂ ನಿಧಾನ ಮಾಡಿಸೋ ಗಾಡಿ) ಬಂತು, ಹಿಂದೆ ಇದ್ದ ರಾಸ್‌ಬರ್ಗ್, ಪೆಟ್ರೋವ್ ಅವರೆಲ್ಲ ಕಳಕೊಳ್ಳೋದು ಏನಿದೆ ಅಂತ ಆಗಲೇ ಟೈರ್ ಬದಲಾಯಿಸಿ ಕೆಲಸ ಮುಗಿಸಿಬಿಟ್ರು. ಆಮೇಲೆ 11ನೇ ಲ್ಯಾಪಲ್ಲಿ ವೆಬ್ಬರ್ ಪಿಟ್‌ಗೆ ಹೋದ. ಅಲೋನ್ಸೋ ಟೀಮು ಫೆರಾರಿಗೆ ಗಾಬರಿ, ಇವನು ಮುಂದೆ ಹೋಗಿಬಿಟ್ರೆ ಅಂತ 15ನೇ ಲ್ಯಾಪಲ್ಲಿ ಅಲೋನ್ಸೋನ ಕರೆದ್ರು. ವೆಬ್ಬರ್‌ಗಿಂತ ಮುಂದೇನೇ ಬಂದ, ಆ ಕೆಲಸ ಸರಿಯಾಗೇ ಆಯ್ತು. ಆದ್ರೆ ಬಂದಿದ್ದು ಎಲ್ಲಿಗೆ? ರೆನೋದಲ್ಲಿದ್ದ ಪೆಟ್ರೋವ್ ಹಿಂದೆ. ಅವನು ಇನ್ನು ಪಿಟ್‌ಗೆ ಹೋಗಬೇಕಾಗಿಲ್ಲ, ರೆನೋ ನೇರ ರಸ್ತೇಲಿ ಒಳ್ಳೆ ಸ್ಪೀಡು, ಆ ಕಾಲಕ್ಕೆ ಹಿಂದಿನೋನಿಗೆ ದಾಟೋಕೆ ಸ್ಪೀಡ್ ಕೊಡೋ ಡಿಆರ್‌ಎಸ್ಸೂ ಇಲ್ಲ. ಶಿರಾಡಿ ಘಾಟಲ್ಲಿ ಟ್ಯಾಂಕರ್ ಹಿಂದೆ ಸಿಕ್ಕಾಕೊಂಡಿದ್ರೆ ನಿಮಗೆ ಅರ್ಥ ಆಗತ್ತೆ, ಗಾಡೀಲಿ ದಮ್ ಇದೆ, ಜಾಗ ಇಲ್ಲ, ಗಂಟೆ ಓಡ್ತಾ ಇದೆ. 55 ಲ್ಯಾಪಿನ ರೇಸಲ್ಲಿ ಸುಮಾರು 40 ಲ್ಯಾಪ್ ಹಂಗೇ ಹಿಂದೆ ಹಿಂದೆ.

ವೆಟ್ಟೆಲ್ ಗೆದ್ದ, ಅಲೋನ್ಸೋ ಏಳನೇ ಜಾಗ, ವೆಬ್ಬರ್ ಎಂಟು. 256ಕ್ಕೆ 252. ಆ ಇಡೀ ಸೀಸನಲ್ಲಿ ವೆಟ್ಟೆಲ್ ಪಾಯಿಂಟ್ಸ್ ಪಟ್ಟೀಲಿ ಮೊದಲ ಜಾಗಕ್ಕೆ ಬಂದಿದ್ದು ಅದೊಂದೇ ಸಲ, ಕೊನೇ ರೇಸ್ ಮುಗಿದ ಮೇಲೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಂಗೆ. ಪಟ್ಟೀಲಿ ಎರಡನೇ ಜಾಗದಲ್ಲಿದ್ದೋನನ್ನ ಕಾಯೋಕೆ ಹೋಗಿ ಮೂರನೇ ಜಾಗದಲ್ಲಿದ್ದೋನಿಗೆ ಕೊಟ್ಟು ಬಂದ್ರು.

2025ರ ಕತಾರಲ್ಲಿ ಮ್ಯಾಕ್ಲಾರೆನ್ ಅಷ್ಟು ಸುಲಭದ ಲೆಕ್ಕ ಹೆಂಗೆ ತಪ್ಪಿಸ್ತು?

ಇದನ್ನ ಒಂದನೇ ಕ್ಲಾಸ್ ಮಕ್ಕಳೂ ಮಾಡ್ತಾರೆ, ಬನ್ನಿ. ಟೈರ್ ಸುರಕ್ಷತೆಗೆ ಅಂತ ಆ ರೇಸಿಗೆ ಒಂದು ರೂಲ್ ಇತ್ತು, ಒಂದು ಸೆಟ್ ಟೈರಲ್ಲಿ 25 ಲ್ಯಾಪ್‌ಗಿಂತ ಜಾಸ್ತಿ ಓಡಿಸಂಗಿಲ್ಲ. ರೇಸು 57 ಲ್ಯಾಪು. ಅಂದ್ರೆ ಎರಡು ಸಲ ಪಿಟ್‌ಗೆ ಬರಲೇಬೇಕು. 57ರಲ್ಲಿ 50 ಕಳೆದ್ರೆ 7. ಏಳನೇ ಲ್ಯಾಪಿಗಿಂತ ಮುಂಚೆ ಬಂದ್ರೆ ಲೆಕ್ಕ ಕೂಡಲ್ಲ, ಏಳಕ್ಕೆ ಬಂದ್ರೆ ಸರಿಯಾಗಿ 25 ಪ್ಲಸ್ 25.

ಸೇಫ್ಟಿ ಕಾರ್ ಬಂದಿದ್ದು ಎಷ್ಟನೇ ಲ್ಯಾಪಲ್ಲಿ? ಏಳನೇದರಲ್ಲಿ! ದೇವರೇ ಬಂದು ಕೊಟ್ಟಂಗೆ. ಹ್ಯುಲ್ಕೆನ್‌ಬರ್ಗ್ ಮತ್ತೆ ಗ್ಯಾಸ್ಲಿ ಡಿಕ್ಕಿ ಆಗಿತ್ತು. ಸೇಫ್ಟಿ ಕಾರಲ್ಲಿ ಎಲ್ಲರೂ ನಿಧಾನ ಹೋಗ್ತಿರೋದ್ರಿಂದ ಪಿಟ್‌ಗೆ ಹೋದ್ರೆ ಟೈಮ್ ನಷ್ಟ ತುಂಬ ಕಮ್ಮಿ. ಹತ್ರಹತ್ರ ಎಲ್ಲ ಗಾಡೀನೂ ಒಳಗೆ ಹೋಯ್ತು. ಪೋಲಲ್ಲಿ ಸ್ಟಾರ್ಟ್ ಮಾಡಿ ಲೀಡಲ್ಲಿದ್ದ ಪಿಯಾಸ್ಟ್ರಿ ಹೋಗಲಿಲ್ಲ, ಅವನ ಟೀಮಿನ ನಾರಿಸೂ ಹೋಗಲಿಲ್ಲ. ಮಧ್ಯದಲ್ಲಿದ್ದ ವರ್ಸ್ಟಪೆನ್ ಹೋದ. ನಾವಿಲ್ಲಿ ಟೀವಿ ಮುಂದೆ ಕೂಗಾಡ್ತಿದ್ವಿ, ನಮ್ಮನೆ ಪಕ್ಕದ ಆಂಟಿ ಕ್ರಿಕೆಟ್ ಅನ್ಕೊಂಡು ಸ್ಕೋರ್ ಎಷ್ಟು ಅಂತ ಕೇಳಿದ್ರು.

ಎಲ್ಲರೂ ಹೋಗ್ತಾರೆ ಅಂತ ನಾವು ಅಂದ್ಕೊಂಡಿರ್ಲಿಲ್ಲ ಅನ್ನೋ ಅರ್ಥದಲ್ಲಿ ಟೀಮು ಆಮೇಲೆ ಹೇಳ್ತು. ನನ್ನ ಪ್ರಕಾರ ಅದು ಅರ್ಧ ನಿಜ. ಉಳಿದ ಅರ್ಧ ಏನಂದ್ರೆ, ಮುಂದೆ ಎರಡು ಗಾಡಿ ಇಟ್ಕೊಂಡು ಇಬ್ಬರಿಗೂ ಅನ್ಯಾಯ ಆಗಬಾರದು ಅಂತ ತೂಗೋಕೆ ಕೂತ್ರೆ ತೀರ್ಮಾನ ತಗೊಳ್ಳೋ ಕೈ ನಡುಗತ್ತೆ. ವರ್ಸ್ಟಪೆನ್ ಗೆದ್ದ, ಪಿಯಾಸ್ಟ್ರಿ ಎರಡು, ನಾರಿಸ್ ನಾಲ್ಕು.

ಇದಾದ ಮೇಲೆ ಒಂದು ವಾರಕ್ಕೆ ಕೊನೇ ರೇಸು ಅಬುಧಾಬಿ, ಪಾಯಿಂಟ್ಸಲ್ಲಿ ನಾರಿಸ್ 408, ವರ್ಸ್ಟಪೆನ್ 396, ಪಿಯಾಸ್ಟ್ರಿ 392, ಗ್ರಿಡ್ಡಲ್ಲಿ ವರ್ಸ್ಟಪೆನ್ ಪೋಲ್, ಆಮೇಲೆ ನಾರಿಸ್, ಪಿಯಾಸ್ಟ್ರಿ. ನಮಗೆಲ್ಲ 2010 ನೆನಪಾಗಿ ಹೊಟ್ಟೇಲಿ ತಳಮಳ. ಈ ಸಲ ಮ್ಯಾಕ್ಲಾರೆನ್ ಬುದ್ಧಿ ಉಪಯೋಗಿಸ್ತು, ಪಿಯಾಸ್ಟ್ರಿಗೆ ಹಾರ್ಡ್, ನಾರಿಸ್‌ಗೆ ಮೀಡಿಯಮ್, ಎರಡು ಬಲೆ ಎರಡು ಕಡೆ. ಮೂರನೇ ಜಾಗ ಸಾಕು ಅಂತ ಇದ್ದಾಗ ನಾರಿಸ್ ಮೂರನೇ ಜಾಗಾನೇ ತಗೊಂಡ, ಮೊದಲ ಲ್ಯಾಪಲ್ಲೇ ಪಿಯಾಸ್ಟ್ರಿ ಮುಂದೆ ಹೋದ್ರೂ ಮೈಮೇಲೆ ಬೀಳಲಿಲ್ಲ. ಅಡ್ಡ ಹಾಕೋಕೆ ವರ್ಸ್ಟಪೆನ್ ಟೀಮು ರೆಡ್‌ಬುಲ್ಲಿನ ಸುನೋಡಾ ಕಾಯ್ತಿದ್ದ, ಅವನನ್ನೂ ದಾಟಿದ, ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಸುನೋಡಾಗೆ ಐದು ಸೆಕೆಂಡ್ ಪೆನಾಲ್ಟಿ. 423ಕ್ಕೆ 421. ರೇಸ್ ಗೆದ್ದೋನು ವರ್ಸ್ಟಪೆನ್, ಚಾಂಪಿಯನ್ ಆದೋನು ನಾರಿಸ್.

ಅಂಡರ್‌ಕಟ್, ಓವರ್‌ಕಟ್ ಅಂತಾರಲ್ಲ, ಕಟಿಂಗ್ ಶಾಪಾ?

ನಗು ಬಂತು ಬಿಡಿ. ಮುಂದಿರೋನಿಗಿಂತ ಮೊದಲೇ ಪಿಟ್‌ಗೆ ಹೋಗಿ ಹೊಸ ಟೈರಲ್ಲಿ ಒಂದೆರಡು ಲ್ಯಾಪ್ ಬೆಂಕಿ ಥರ ಓಡಿಸಿ, ಅವನು ಪಿಟ್‌ಗೆ ಹೋಗಿ ಬರೋ ಹೊತ್ತಿಗೆ ಅವನ ಮುಂದೆ ಇರೋದು ಅಂಡರ್‌ಕಟ್. ಅವನು ಒಳಗೆ ಹೋದಾಗ ನೀವು ಹಳೇ ಟೈರಲ್ಲೇ ಹೊರಗೆ ಉಳಿದು ಖಾಲಿ ರಸ್ತೇಲಿ ಜೋರಾಗಿ ಹೋಗಿ ಮುಂದೆ ಬರೋದು ಓವರ್‌ಕಟ್. ಹೊಸ ಟೈರ್ ಬೇಗ ಬಿಸಿ ಆಗೋ ಕಡೆ ಮೊದಲನೇದು ನಡೆಯತ್ತೆ, ಬಿಸಿ ಆಗೋಕೆ ಟೈಮ್ ತಗೊಳ್ಳೋ ಕಡೆ ಎರಡನೇದು.

ಮೂರನೇ ದಾರಿನೂ ಇದೆ, ಎರಡು ಸಲ ಪಿಟ್‌ಗೆ ಹೋಗಿ ಬೇಟೆ ಆಡೋದು. 2019ರ ಹಂಗೆರಿ, ವರ್ಸ್ಟಪೆನ್ ಜೀವನದ ಮೊದಲ ಪೋಲು. ಹ್ಯಾಮಿಲ್ಟನ್ ಎಷ್ಟು ಸಲ ನುಗ್ಗಿದ್ರೂ ಟ್ರ್ಯಾಕಲ್ಲಿ ದಾಟೋಕೆ ಆಗಲಿಲ್ಲ, 48ನೇ ಲ್ಯಾಪಲ್ಲಿ ಮರ್ಸಿಡಿಸ್ ಅವನನ್ನ ಇನ್ನೊಂದು ಸಲ ಕರೆದು ಹೊಸ ಮೀಡಿಯಮ್ ಹಾಕ್ತು. ಸುಮಾರು 20 ಸೆಕೆಂಡ್ ಹಿಂದೆ ಬಿದ್ದ. ವರ್ಸ್ಟಪೆನ್ ಏನ್ ಮಾಡಬೇಕು ಹೇಳಿ? ಪಿಟ್‌ಗೆ ಹೋದ್ರೆ ಹ್ಯಾಮಿಲ್ಟನ್ ಮುಂದೆ, ಹೋಗದಿದ್ರೆ ಟೈರು ಸತ್ತು ಹೋಗತ್ತೆ. ಹೋಗಲಿಲ್ಲ. 70 ಲ್ಯಾಪಿನ ರೇಸಲ್ಲಿ 67ನೇದರಲ್ಲಿ ಹ್ಯಾಮಿಲ್ಟನ್ ದಾಟಿ ಗೆದ್ದ. ಮುಂದೆ ಇರೋನ ಕಷ್ಟ ಅಂದೆನಲ್ಲ, ಇದೇ ಅದು.

ಒಂದು ಗಾಡಿ ನಿಧಾನ ಓಡಿಸಿ ಇನ್ನೊಂದಕ್ಕೆ ದಾರಿ ಮಾಡ್ಕೊಡೋದು ಮೋಸ ಅಲ್ವಾ?

ರೂಲ್ ಪ್ರಕಾರ ಅಲ್ಲ. ನೋಡೋಕೆ ಹೊಟ್ಟೆ ಉರಿಯತ್ತೆ, ಅದು ನಿಜ.

2025ರ ಮೊನಾಕೊದಲ್ಲಿ ರೇಸ್ ಚುರುಕಾಗಲಿ ಅಂತ ಎರಡು ಸ್ಟಾಪ್ ಕಡ್ಡಾಯ ಮಾಡಿದ್ರು. ಆಗಿದ್ದೇ ಬೇರೆ. ರೇಸಿಂಗ್ ಬುಲ್ಸ್ ಟೀಮು ಲಾಸನ್‌ನ ಹಿಂದೆ ನಿಧಾನಕ್ಕೆ ಓಡಿಸಿ, ಅವನ ಹಿಂದೆ ರೈಲು ಬೋಗಿ ಥರ ಎಲ್ಲರನ್ನೂ ಕಟ್ಟಿ ಹಾಕಿ, ಮುಂದೆ ಇದ್ದ ತನ್ನ ಇನ್ನೊಬ್ಬ ಡ್ರೈವರ್ ಹಜಾರ್‌ಗೆ ಪಿಟ್ ಮಾಡ್ಕೊಂಡು ಬರೋ ಅಷ್ಟು ಗ್ಯಾಪ್ ಮಾಡ್ಕೊಡ್ತು. ಹಜಾರ್ ಆರನೇ ಜಾಗ, ಲಾಸನ್ ಎಂಟು. ವಿಲಿಯಮ್ಸ್ ಕೂಡ ಅದೇ ಆಟ, ಆಲ್ಬನ್ ಒಂಬತ್ತು ಸೈನ್ಸ್ ಹತ್ತು. ಹಿಂದೆ ಸಿಕ್ಕಾಕೊಂಡ ರಸೆಲ್‌ಗೆ ತಾಳ್ಮೆ ಕೆಟ್ಟು ಚಿಕೇನ್ (ಹಾವಿನಂಥ ಎಡಬಲ ತಿರುವು) ಕಟ್ ಮಾಡಿ ಆಲ್ಬನ್‌ನ ದಾಟಿದ, ಡ್ರೈವ್ ಥ್ರೂ ಪೆನಾಲ್ಟಿ (ಪಿಟ್ ಒಳಗಿಂದ ನಿಧಾನಕ್ಕೆ ಹಾದು ಬರೋ ಶಿಕ್ಷೆ) ತಿಂದ. ಅವನ ಗ್ರಹಚಾರ ಶನಿವಾರವೇ ಶುರು ಆಗಿತ್ತು, ಕ್ವಾಲಿಫೈಯಿಂಗಲ್ಲಿ ಗಾಡಿ ಕೆಟ್ಟು ನಿಂತು 14ನೇ ಜಾಗ ಸಿಕ್ಕಿದ್ದು. ಮುಂದೆ ವರ್ಸ್ಟಪೆನ್ ಕೊನೇ ಲ್ಯಾಪ್ ಹತ್ರ ಬರೋ ತನಕ ಎರಡನೇ ಸ್ಟಾಪ್ ಮಾಡದೆ ರೇಸ್ ನಿಲ್ಲಿಸೋ ರೆಡ್ ಫ್ಲ್ಯಾಗ್ ಬರಲಿ, ಆಗ ಟೈರ್ ಬದಲಾವಣೆ ಪುಕ್ಕಟೆ ಅಂತ ಕಾದ, ಬರಲಿಲ್ಲ, ನಾಲ್ಕನೇ ಜಾಗ. ನಾರಿಸ್, ಲೆಕ್ಲೆರ್, ಪಿಯಾಸ್ಟ್ರಿ ಅಂತ ಗ್ರಿಡ್ಡಲ್ಲಿ ಹೆಂಗಿತ್ತೋ ಹಂಗೇ ಪೋಡಿಯಮ್ಮು.

ಇಂಥ ಕಡೆ ಗ್ರಿಡ್ ನೋಡುವಾಗ ಒಂದೇ ಟೀಮಿನ ಎರಡು ಗಾಡಿ ಹತ್ರಹತ್ರ ಇದೆಯಾ ನೋಡಿ. ಇದ್ರೆ ಮಧ್ಯದಲ್ಲಿ ಗೋಡೆ ಕಟ್ತಾರೆ ಅಂತ ಗ್ಯಾರಂಟಿ.

ಟೀಮ್ ಆರ್ಡರ್ ಬ್ಯಾನ್ ಆಗಿತ್ತಲ್ಲ?

ಹೌದು, ಒಬ್ಬನಿಗೆ ಇನ್ನೊಬ್ಬ ಜಾಗ ಬಿಡು ಅಂತ ಟೀಮೇ ಹೇಳೋದು ಬ್ಯಾನ್ ಆಗಿತ್ತು, 2011ರಿಂದ ಆ ಬ್ಯಾನ್ ತೆಗೆದ್ರು. 2002ರ ಆಸ್ಟ್ರಿಯಾದಲ್ಲಿ ಪೋಲಿಂದ ಲೀಡ್ ಮಾಡ್ತಿದ್ದ ಬ್ಯಾರಿಕೆಲ್ಲೊ ಗೆರೆ ಹತ್ರ ಬಂದು ತನ್ನದೇ ಟೀಮಿನ ಶೂಮಾಕರ್‌ಗೆ ದಾರಿ ಬಿಟ್ಟ, ಜನ ಛೀ ಥೂ ಅಂದ್ರು, ಬ್ಯಾನ್ ಬಂದಿದ್ದು ಅದಕ್ಕೇ. 2010ರ ಜರ್ಮನೀಲಿ ಮಾಸಾಗೆ ರೇಡಿಯೋದಲ್ಲಿ ಫೆರ್ನಾಂಡೋ (ಅದೇ ಅಲೋನ್ಸೋ) ನಿನಗಿಂತ ಫಾಸ್ಟು ಅಂತ ಸುತ್ತಿ ಬಳಸಿ ಹೇಳಿದ್ರು, ಫೆರಾರಿಗೆ 1 ಲಕ್ಷ ಡಾಲರ್ ದಂಡ. ಎಲ್ಲರೂ ಹೆಂಗೂ ಮಾಡ್ತಾರೆ ಅಂತ ಗೊತ್ತಾಗಿ ರೂಲ್ ಬಿಟ್ರು. ನನಗಂತೂ ಈಗಿನ ಹಂಗೆ ಬಾಯಿ ಬಿಟ್ಟು ಹೇಳೋದೇ ಇಷ್ಟ. 2024ರ ಹಂಗೆರೀಲಿ ನಾರಿಸ್ ಪಿಟ್ ಆರ್ಡರಿಂದ ಮುಂದೆ ಬಂದಿದ್ದ, ಜಾಗ ವಾಪಸ್ ಕೊಡು ಅಂತ ಟೀಮು ರೇಡಿಯೋದಲ್ಲಿ ಬೇಡ್ಕೊಂಡಿದ್ದು ಇಡೀ ಪ್ರಪಂಚ ಕೇಳ್ತು, ಇನ್ನು ಎರಡು ಮೂರು ಲ್ಯಾಪ್ ಇದೆ ಅನ್ನುವಾಗ ಕೊಟ್ಟ, ಪಿಯಾಸ್ಟ್ರಿಗೆ ಮೊದಲ ಗೆಲುವು. ಧಾರಾವಾಹಿ ಇದಕ್ಕಿಂತ ಚೆನ್ನಾಗಿರಲ್ಲ.

ಎರಡನೇ ಜಾಗಕ್ಕಿಂತ ಮೂರನೇದು ವಾಸಿ ಅಂತಾರಲ್ಲ, ಹೌದಾ?

ಕೆಲವು ಟ್ರ್ಯಾಕಲ್ಲಿ ಹೌದು. ಎಲ್ಲರೂ ಓಡಿಸೋ ಗೆರೆ ಮೇಲೆ ರಬ್ಬರ್ ಇರತ್ತೆ, ಎರಡನೇ ಜಾಗ ಸಾಮಾನ್ಯವಾಗಿ ಬರೋ ಆಚೆ ಬದಿ ಧೂಳು. ಗ್ರಿಡ್ಡಲ್ಲಿ ಒಂದು ಜಾಗಕ್ಕೂ ಇನ್ನೊಂದಕ್ಕೂ 8 ಮೀಟರ್ ಅಂತರ, ಧೂಳಲ್ಲಿ ಚಕ್ರ ಸುತ್ತಿದ್ರೆ ಅದು ಒಂದೇ ಸಲಕ್ಕೆ ಹೋಯ್ತು. 1990ರಲ್ಲಿ ಜಪಾನಿನ ಸುಜುಕಾದಲ್ಲಿ ಪೋಲ್ ಜಾಗಾನೇ ಧೂಳಿನ ಬದಿಗೆ ಇತ್ತು, ಸೆನ್ನಾ ಬದಲಾಯಿಸಿ ಅಂತ ಕೇಳ್ಕೊಂಡ್ರೂ ಮಾಡಲಿಲ್ಲ, ಸ್ಟಾರ್ಟಲ್ಲಿ ಪ್ರಾಸ್ಟ್ ಮುಂದೆ ಹೋದ, ಮೊದಲ ತಿರುವಲ್ಲೇ ಸೆನ್ನಾ ಹೋಗಿ ಗುದ್ದಿದ, ಇಬ್ಬರೂ ಔಟ್, ಚಾಂಪಿಯನ್ ಸೆನ್ನಾ.

ಪಿಟ್ ಲೇನ್ ಸ್ಟಾರ್ಟ್ ಅಂದ್ರೆ ರೇಸ್ ಮುಗೀತು ಅಂತ ತಾನೆ?

ಕ್ವಾಲಿಫೈಯಿಂಗ್ ಶುರು ಆದ್ಮೇಲೆ ಗಾಡಿ ಸೆಟಪ್ ಮುಟ್ಟಂಗಿಲ್ಲ. ಮುಟ್ಟಿದ್ರೆ ಪಿಟ್ ಲೇನಿಂದ ಸ್ಟಾರ್ಟು. 2025ರ ಬ್ರೆಜಿಲಲ್ಲಿ ವರ್ಸ್ಟಪೆನ್ ಕ್ಯೂ1ರಲ್ಲೇ ಔಟ್ ಆದಾಗ ರೆಡ್‌ಬುಲ್ ಹೆಂಗೂ ಹಿಂದೆ ಇದೀವಿ ಅಂತ ಇಂಜಿನ್ನೂ ಸೆಟಪ್ಪೂ ಎಲ್ಲ ಬದಲಾಯಿಸಿ ಪಿಟ್ ಲೇನಿಂದ ಬಿಡ್ತು. ಮೂರನೇ ಜಾಗ! ಹಂಗಾಗಿ ಹಿಂದೆ ಬಿದ್ದೋನು ಶನಿವಾರ ರಾತ್ರಿ ಏನ್ ಮಾಡ್ತಾನೆ ನೋಡಿ, ಕೆಲವು ಸಲ 16ನೇ ಜಾಗಕ್ಕಿಂತ ಪಿಟ್ ಲೇನೇ ಲಾಭ.

ನಮ್ಮೋರ ಕಥೆ ಏನಾದ್ರೂ ಇದೆಯಾ?

ಯಾಕಿಲ್ಲ. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ 2008ರಿಂದ ಒಂದೂ ಪಾಯಿಂಟ್ ಇಲ್ಲದೆ ಓಡ್ತಾ ಇತ್ತು. 2009ರ ಬೆಲ್ಜಿಯಮಲ್ಲಿ, ಸ್ಪಾ ಟ್ರ್ಯಾಕಲ್ಲಿ, ಫಿಸಿಕೆಲ್ಲಾ ಪೋಲ್ ಹೊಡೆದ. ನಂಬೋಕೇ ಆಗ್ಲಿಲ್ಲ, ಟೀವಿ ಕೆಟ್ಟಿದೆ ಅನ್ಕೊಂಡೆ. ರೇಸಲ್ಲಿ ಶುರುವಿನಲ್ಲೇ ಸೇಫ್ಟಿ ಕಾರ್ ಬಂತು, ಅದು ಹೋಗ್ತಿದ್ದಂಗೆ ಆರನೇ ಜಾಗದಿಂದ ಎರಡಕ್ಕೆ ಬಂದಿದ್ದ ರಾಯ್ಕೊನೆನ್ ಫೆರಾರಿಯ ಕರ್ಸ್ (ಬ್ರೇಕ್ ಹಾಕಿದಾಗ ಉಳಿಸಿದ ಶಕ್ತಿಯನ್ನ ವಾಪಸ್ ಕೊಡೋ ವ್ಯವಸ್ಥೆ) ಬಟನ್ ಒತ್ತಿ ಉದ್ದ ರಸ್ತೇಲಿ ದಾಟಿಬಿಟ್ಟ. ಫೋರ್ಸ್ ಇಂಡಿಯಾದಲ್ಲಿ ಆ ಕರ್ಸ್ ಇರಲಿಲ್ಲ. ಆಮೇಲೆ ಕೊನೇವರೆಗೂ ಬೆನ್ನು ಬಿಡಲಿಲ್ಲ, 0.939 ಸೆಕೆಂಡಲ್ಲಿ ಎರಡನೇ ಜಾಗ. ಎರಡು ಗಾಡೀನೂ ಒಂದೇ ಲ್ಯಾಪಲ್ಲಿ ಪಿಟ್‌ಗೆ ಬಂದ್ವು, ಇವರು ಒಂದು ಲ್ಯಾಪ್ ಆಚೆ ಈಚೆ ಮಾಡಿದ್ರೆ ಏನಾಗ್ತಿತ್ತೋ ಅಂತ ನಾನು ಇವತ್ತಿಗೂ ಕನಸಲ್ಲಿ ಲೆಕ್ಕ ಹಾಕ್ತೀನಿ.

ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಲ್ಲಿ 2011ರಿಂದ 2013ರ ತನಕ ಮೂರು ರೇಸು ಆಯ್ತು, ಮೂರಕ್ಕೂ ಪೋಲೂ ಗೆಲುವೂ ವೆಟ್ಟೆಲ್‌ದೇ. 2013ರದ್ದು ಮಾತ್ರ ಬರೀ ಸ್ಪೀಡಿನ ಗೆಲುವಲ್ಲ. ಪೋಲಲ್ಲಿ ಸಾಫ್ಟ್ ಟೈರಲ್ಲಿ ಇದ್ದ, ಅದು ಬಾಳಲ್ಲ ಅಂತ ಗೊತ್ತಿತ್ತು, ಎರಡೇ ಲ್ಯಾಪ್ ಓಡಿಸಿ ಪಿಟ್‌ಗೆ ಬಂದು 17ನೇ ಜಾಗಕ್ಕೆ ಬಿದ್ದು, ಅಲ್ಲಿಂದ ಹತ್ತಿಕೊಂಡು ಬಂದು ಗೆದ್ದು ನಾಲ್ಕನೇ ಸಲ ಚಾಂಪಿಯನ್ ಆದ.

ಇನ್ನು ನಮ್ಮ ಬೆಂಗಳೂರು ಹುಡುಗ ಕುಶ್ ಮೈನಿ, ಎಫ್ 2, ಅಂದ್ರೆ ಎಫ್ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಅಲ್ಲಿ ಶನಿವಾರದ ಚಿಕ್ಕ ರೇಸು ಸ್ಪ್ರಿಂಟ್‌ಗೆ ಕ್ವಾಲಿಫೈಯಿಂಗಿನ ಮೊದಲ ಹತ್ತು ಜನರನ್ನ ಉಲ್ಟಾ ನಿಲ್ಲಿಸ್ತಾರೆ, ಹತ್ತನೇ ಜಾಗದೋನಿಗೆ ಪೋಲು. 2025ರ ಮೊನಾಕೊದಲ್ಲಿ ಹಂಗೇ ಪೋಲ್ ಸಿಕ್ಕಿ ಗೆದ್ದ. ದಾಟೋಕೆ ಆಗದ ಊರಲ್ಲಿ ಹತ್ತನೇ ಜಾಗ ಚಿನ್ನ.

ಟೈಮಿಂಗ್ಸ್ ಹೇಳಿಬಿಡಿ?

ಯೂರೋಪಿನ ರೇಸ್ ಸಾಮಾನ್ಯವಾಗಿ ಭಾನುವಾರ ಸಂಜೆ 6:30ಕ್ಕೆ, ಅಬುಧಾಬೀನೂ ಅಷ್ಟೊತ್ತಿಗೆ. ಆಸ್ಟ್ರೇಲಿಯಾ ಬೆಳಗ್ಗೆ 9:30, ತಿಂಡಿ ಜೊತೆ. ಅಮೆರಿಕ ಕಡೇದು ರಾತ್ರಿ, ಸೋಮವಾರ ಆಫೀಸಲ್ಲಿ ನಿದ್ದೆ.

ಮಳೆ ಬಂದ್ರೆ ಈ ಲೆಕ್ಕ ಎಲ್ಲ ಏನಾಗತ್ತೆ?

ನೀರು ಪಾಲು. 2024ರ ಬ್ರೆಜಿಲಲ್ಲಿ ಶನಿವಾರ ಮಳೆ ಜೋರಾಗಿ ಕ್ವಾಲಿಫೈಯಿಂಗೇ ಭಾನುವಾರ ಬೆಳಗ್ಗೆಗೆ ಹೋಯ್ತು. ನಾರಿಸ್ ಪೋಲು, ವರ್ಸ್ಟಪೆನ್ ಹನ್ನೆರಡನೇ ಜಾಗ, ಅದರ ಮೇಲೆ ಇಂಜಿನ್ ಪೆನಾಲ್ಟಿ ಐದು ಜಾಗ, ಅಲ್ಲಿಗೆ 17. ರೇಸ್ ಮಧ್ಯೆ ಮಳೆ ಜಾಸ್ತಿ ಆದಾಗ ಮುಂದಿದ್ದ ರಸೆಲ್, ನಾರಿಸ್ ಟೈರ್ ಬದಲಾಯಿಸೋಕೆ ಪಿಟ್‌ಗೆ ಹೋದ್ರು, ಸರಿಯಾದ ಕೆಲಸಾನೇ. ವರ್ಸ್ಟಪೆನ್, ಓಕಾನ್, ಗ್ಯಾಸ್ಲಿ ಹೋಗದೆ ಹೊರಗೇ ಉಳಿದ್ರು. ಸ್ವಲ್ಪ ಹೊತ್ತಿಗೆ ಒಂದು ಗಾಡಿ ಹೋಗಿ ಗುದ್ದಿ ರೆಡ್ ಫ್ಲ್ಯಾಗು, ರೆಡ್ ಫ್ಲ್ಯಾಗಲ್ಲಿ ಟೈರ್ ಬದಲಾವಣೆ ಪುಕ್ಕಟೆ. ವರ್ಸ್ಟಪೆನ್ ಒಂದು, ಓಕಾನ್ ಎರಡು, ಗ್ಯಾಸ್ಲಿ ಮೂರು, ಪೋಲ್ ಹೊಡೆದ ನಾರಿಸ್ ಆರು. ಆ ದಿನ ನಾನು ಬರೆದಿಟ್ಟಿದ್ದ ಲೆಕ್ಕದ ಚೀಟೀಲಿ ನಮ್ಮ ಗ್ಯಾಂಗಿನ ಒಬ್ಬ ಕಡ್ಲೆಕಾಯಿ ಕಟ್ಟಿಕೊಂಡು ತಿಂದ.